ಮಕ್ಕಳ ಮೇಲೆ ಊದಿದ ಪದ್ಯ

ನಮ್ಮ ಬ್ಯಾಡಗಿಯಲ್ಲಿ ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಬಾಗಿಲ ಹೊರಗೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತಿರುತ್ತಾರೆ. ನಮ್ಮವರೂ ಇರುತ್ತಾರೆ, ಲಿಂಗಾಯತರ, ಕುರುಬರ ಮನೆಯ ಹೆಣ್ಣುಮಕ್ಕಳೂ ಇರುತ್ತಾರೆ. ನಮಾಜು ಮುಗಿಸಿ ಹೊರಗೆ ಬಂದವರು ಬಾಯೊಳಗೆ ಎರಡು ಸಾಲು ಓದಿಕೊಂಡು ಕೂಸಿನ ನೆತ್ತಿಯ ಮೇಲೆ ಉಫ್ ಎಂದು ಊದಿ ಮುಂದೆ ಹೋಗುತ್ತಾರೆ. ಜ್ವರಕ್ಕೂ ಅದೇ, ದೃಷ್ಟಿಗೂ ಅದೇ, ಬೆಚ್ಚಿ ಬೀಳುವುದಕ್ಕೂ ಅದೇ. ಎಲ್ಲರೂ ಊದಿ ಹೋದ ಮೇಲೆ ಕೋಲೂರಿಕೊಂಡು ಕೊನೆಗೆ ಬರುವ ಮುದುಕನದು ಹೆಚ್ಚು ಗುಣ ಎಂದು ತಾಯಂದಿರು ಅದು ಹೇಗೋ ನಂಬಿದ್ದರು. ಆ ಮುದುಕ ನಾನು, ಮಲ್ಲಿಕಸಾಬ.

ನಲವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿದವನು ನಾನು. ಕನ್ನಡ ಶಾಲೆ ಎರಡನೆಯ ಇಯತ್ತೆಗೇ ಬಿಟ್ಟುಹೋಯಿತು. ಅರಬ್ಬಿ ಅಕ್ಷರ ಮಾತ್ರ, ಗುತ್ತಲದಲ್ಲಿ ಸೋದರಮಾವನ ಮನೆಯಲ್ಲಿದ್ದ ಕಾಲಕ್ಕೆ, ಅಲ್ಲಿಯ ಹಜರತ್ತರು ಕಲಿಸಿದರು. ಅವರ ಕೈಯಲ್ಲಿ ನುಗ್ಗೆಯ ಕೋಲು. ಅಕ್ಷರದ ಮೇಲಿನ ಗೆರೆ, ಕೆಳಗಿನ ಗೆರೆ ನೋಡಿ ಕೂಡಿಸಿ ಓದಬೇಕು. ತಪ್ಪಿದರೆ ಏಟು. ಅರ್ಥ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಪವಿತ್ರ ಗ್ರಂಥವನ್ನು ಅರ್ಥ ತಿಳಿಯದೆ ಓದಿದರೂ ಪುಣ್ಯ ಉಂಟು ಎಂದು ಹೇಳಿದ್ದರು. ಅದನ್ನು ನಾನು ಈಗಲೂ ನಂಬುತ್ತೇನೆ. ನನ್ನ ತಪ್ಪು ಅದಲ್ಲ.

ಮಲ್ಲಿಕಸಾಬರಿಗೆ ಅರಬ್ಬಿ ಬರುತ್ತದೆ ಎಂದು ನಮ್ಮ ಓಣಿಯಲ್ಲಿ ಮಾತು ಹುಟ್ಟಿತು. ಯಾರು ಹುಟ್ಟಿಸಿದರೋ ತಿಳಿಯದು. ನಾನು ಬರುತ್ತದೆ ಎಂದು ಯಾರ ಮುಂದೂ ಹೇಳಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಚೀಲ ಹೊರುವಾಗ ಏಕವಚನದಲ್ಲಿ ಕೂಗುತ್ತಿದ್ದ ದಲಾಲರು ಕೂಡ ನಾನು ಕೆಲಸ ಬಿಟ್ಟ ಮೇಲೆ, ಬರ್ರಿ, ಕುಂದ್ರಿ ಎಂದು ಕುರ್ಚಿ ಕೊಡತೊಡಗಿದರು. ಆ ಕುರ್ಚಿ ನನಗೆ ಹಿತವಾಗಿತ್ತು.

ಪಕ್ಕದ ಮನೆಯ ಮುಸ್ತಾಕ್ ಕುವೈತಿನಲ್ಲಿ ಹನ್ನೊಂದು ವರ್ಷ ರೊಟ್ಟಿಯ ಕಾರಖಾನೆಯ ಗಾಡಿ ಓಡಿಸಿ ತಿರುಗಿ ಬಂದ. ಬಂದ ವಾರದಲ್ಲಿಯೇ ನಮ್ಮ ಕಟ್ಟೆಗೆ ಬಂದು ಒಂದು ಖಾಕಿ ಲಕೋಟೆ ಕೊಟ್ಟ. ಒಳಗೆ ಸಣ್ಣ ಪುಸ್ತಕ. ಮೇಲಿನ ರಟ್ಟು ಇಲ್ಲ, ಮೊದಲಿನ ಪುಟಗಳೂ ಇಲ್ಲ. ಅಕ್ಷರ ಅರಬ್ಬಿ.

"ಚಾಚಾ, ಇದನ್ನ ನೀವ ಇಟ್ಕೊಳ್ರಿ. ನಮ್ಮನ್ಯಾಗ ಎತ್ತರದಾಗ ಇಡಾಕ ಜಾಗಾ ಇಲ್ಲ. ಕೆಳಗ ಇಟ್ರ ಯಾರದರೆ ಕಾಲು ತಾಗತೈತಿ."

"ಯಾವ ಕಿತಾಬಪಾ ಇದು?"

"ನಮ್ಮ ಖೋಲ್ಯಾಗ ಅಬು ನಾಸೀರ್ ಅಂತ ಒಬ್ಬ ಮುದುಕ ಇದ್ದ. ಫಲಸ್ತೀನಿನಾವ. ಭಟ್ಟಿ ಮುಂದ ಕೆಲಸ. ದಿನಾ ಬೆಳಿಗ್ಗೆ ನಮಾಜ್ ಆದ ಮ್ಯಾಲೆ ಇದನ್ನ ಓದಾವ, ಕಣ್ಣು ಒರಸ್ಕೊಳ್ಳಾವ. ಅಂವಾ ತೀರಿಕೊಂಡ ಮ್ಯಾಲೆ ಅವನ ಸಾಮಾನು ಕೇಳಾಕ ಯಾರೂ ಬರಲಿಲ್ಲ. ದುವಾ ಐತೋ ಶಾಯರಿ ಐತೋ, ಗಾಡಿ ಹೊಡಿಯಾವಂಗ ಏನ್ ತಿಳೀತೈತಿ ಚಾಚಾ? ನಿಮಗಾದ್ರ ತಿಳೀತೈತಿ."

ಅವನು ನಿಂತ ಜಾಗ, ಅಂಗಿಯ ಬಣ್ಣ, ಎಲ್ಲ ನನಗೆ ನೆನಪಿದೆ. ಶಾಯರಿ, ಅಂದರೆ ಪದ್ಯ, ಎಂಬ ಮಾತು ಅವನ ಬಾಯಿಂದ ಬಂದದ್ದೂ ನೆನಪಿದೆ. ನಾನು ಕೇಳಿಸಿಕೊಂಡೆ. ಬೆಳಿಗ್ಗೆ ನಮಾಜಿನ ನಂತರ ಒಬ್ಬ ಮುದುಕ ಅಳುತ್ತ ಓದುವುದು ದೇವರಲ್ಲಿ ಬೇಡುವ ದುವಾ ಅಲ್ಲದೆ ಇನ್ನೇನಿದ್ದೀತು ಎಂದುಕೊಂಡು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡೆ. ಮಸೀದಿಯ ಇಮಾಮರಿಗೆ ತೋರಿಸಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ತೋರಿಸಿದರೆ ನನಗೆ ಓದಿದ್ದು ತಿಳಿಯುವುದಿಲ್ಲ ಎಂಬುದೂ ಅವರಿಗೆ ಗೊತ್ತಾಗುತ್ತಿತ್ತು. ಗಿಲಾಫಿನ ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟೆ.

ಆ ಪುಸ್ತಕದ ನಡುವೆ ಒಂದು ಪುಟ ಇತ್ತು. ಸಣ್ಣ ಸಣ್ಣ ಸಾಲುಗಳು, ಗೆರೆಗಳೆಲ್ಲ ಸ್ಪಷ್ಟ. ಅರ್ಧಕ್ಕರ್ಧ ಸಾಲು 'ಕುಮ್ ಯಾ ಬುನಯ್ಯ' ಎಂದೇ ಶುರುವಾಗುತ್ತವೆ. ಕುಮ್, ಬುನಯ್ಯ ಎಂಬವು ಪವಿತ್ರ ಗ್ರಂಥದಲ್ಲಿ ನನ್ನ ಬಾಯಿಗೆ ಸಿಕ್ಕ ಮಾತುಗಳೇ. ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದಿದರೆ ತೊಟ್ಟಿಲು ತೂಗಿದ ಹಾಗೆ ಆಗುತ್ತಿತ್ತು. ಸಾಲು ಮುಂದೆ ಹೋಗುತ್ತದೆ, ತಿರುಗಿ ಅಲ್ಲಿಗೇ ಬರುತ್ತದೆ. ಆ ಓಟ ಕೇಳಿಯೇ ನನಗೆ ಇದು ಮಕ್ಕಳನ್ನು ಮಲಗಿಸುವ ದುವಾ ಅನ್ನಿಸಿತು. ಕುಮ್ ಎಂದರೆ ಏಳು ಎಂಬುದು ನನಗೆ ಗೊತ್ತಿರುವ ಹತ್ತಿಪ್ಪತ್ತು ಮಾತುಗಳಲ್ಲಿ ಒಂದು. ಮಲಗಿಸುವ ದುವಾದಲ್ಲಿ ಏಳು ಎಂದು ಯಾಕೆ ಬಂತು ಎಂದು ನಿನಗೆ ಹೊಳೆಯಲೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆಯಿತು. ಒಂದು ಸಲ ಅಲ್ಲ, ನಾಲ್ಕಾರು ಸಲ ಹೊಳೆಯಿತು. ದೊಡ್ಡ ಮಾತು ನಮಗೆಲ್ಲಿ ತಿಳಿಯಬೇಕು ಎಂದು ದಾಟಿಕೊಂಡು ಹೋದೆ.

ಮೊದಲು ಊದಿದ್ದು ಎದುರು ಸಾಲಿನ ಜಾನಕೀಬಾಯಿಯ ಮೊಮ್ಮಗನ ಮೇಲೆ. ಸುಶ್ರುತ ಎಂದು ಹೆಸರು. ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದ. ಆಕೆಯ ಮಗನದು ಔಷಧದ ಅಂಗಡಿ.

"ಮಗಂದು ಔಷಧದ ಅಂಗಡಿ, ಮೊಮ್ಮಗಂಗ ಸಾಹೇಬ್ರ ಗಾಳಿ," ಎಂದು ಜಾನಕೀಬಾಯಿ ತಾನೇ ನಕ್ಕಳು. "ಊದರಿ ಸಾಹೇಬ್ರ. ಇವನ ಸಲುವಾಗಿ ನಾ ಕಣ್ಣಿಗೆ ಕಣ್ಣು ಹಚ್ಚಿ ಎಂಟ ದಿನಾ ಆತು."

ಓದಿ ಊದಿದೆ. ಅತ್ತು ಅತ್ತು ದಣಿದಿದ್ದನೋ ಏನೋ, ಹುಡುಗ ಅಜ್ಜಿಯ ಹೆಗಲ ಮೇಲೆಯೇ ನಿದ್ದೆ ಹೋದ. ಅಷ್ಟೇ ಸಾಕಾಯಿತು. ಮಲ್ಲಿಕಸಾಬರ ಹತ್ತಿರ ನಿದ್ದೆಯ ದುವಾ ಇದೆ ಎಂದು ಮಾತು ಮೋಟೆಬೆನ್ನೂರಿನವರೆಗೆ ಹೋಯಿತು. ನನ್ನ ಹೆಂಡತಿ ಮೈಮುನಾಬಿಗೆ ಇದರಲ್ಲಿ ನಗೆ.

"ಲಗ್ನ ಆದ ಹೊಸತಾಗ ಒಲಿ ಊದ್ರಿ ಅಂದ್ರ ಮೆಣಸಿನಕಾಯಿ ಘಾಟಿಗೆ ಎದಿ ಕಟ್ಟೇತಿ ಅಂತಿದ್ರಿ. ಈಗ ನೋಡ್ರಿ, ಊರ ಮಕ್ಕಳನ್ನೆಲ್ಲಾ ಊದಾಕ ದಮ್ಮು ಬಂದೈತಿ," ಅನ್ನುತ್ತಿದ್ದಳು.

ಐದಾರು ವರ್ಷ ಹೀಗೆಯೇ ನಡೆಯಿತು. ಎಷ್ಟು ಮಕ್ಕಳು ಎಂದು ಲೆಕ್ಕ ಇಟ್ಟಿಲ್ಲ. ಮುಖಗಳು ಮಾತ್ರ ಎಲ್ಲವೂ ನೆನಪಿವೆ.

ಹೋದ ವರ್ಷ ಮಳೆಗಾಲದ ಮೊದಲಲ್ಲಿ ನಮ್ಮ ಹಿಂದಿನ ಓಣಿಯ ಅನೀಸ ಬಾಣಂತನಕ್ಕೆ ತವರಿಗೆ ಬಂದಳು. ಕೊಟ್ಟದ್ದು ಹಾವೇರಿಗೆ. ಆಕೆಯ ಮೊದಲ ಕೂಸು ಹೆಣ್ಣು. ನಾಲ್ಕು ತಿಂಗಳಿದ್ದಾಗ ಮಲಗಿದ್ದು ಏಳಲಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ. ಬೆಳಿಗ್ಗೆ ಹಾಲು ಕೊಡಲು ಎತ್ತಿಕೊಂಡರೆ ತಣ್ಣಗಾಗಿತ್ತು. ಈಗ ಹುಟ್ಟಿದ್ದು ಗಂಡು. ಗಂಡನ ತಂದೆಯ ಹೆಸರನ್ನೇ ಇಟ್ಟು ಖಲಂದರ ಎಂದು ಕರೆದರು.

ಈ ಖಲಂದರನಿಗೆ ನಿದ್ದೆ ಇಲ್ಲ. ಇರಲು ತಾಯಿ ಬಿಟ್ಟರೆ ತಾನೆ? ಮಗು ಕಣ್ಣು ಮುಚ್ಚಿದ ಗಳಿಗೆಗೆ ಅನೀಸ ಮೂಗಿನ ಹತ್ತಿರ ಬೆರಳಿಡುತ್ತಿದ್ದಳು. ಉಸಿರು ತಿಳಿಯದಿದ್ದರೆ ಅಂಗಾಲು ಚಿವುಟುತ್ತಿದ್ದಳು. ಮಗು ಚಿಟ್ಟನೆ ಚೀರುತ್ತಿತ್ತು. ಆಗ ಆಕೆಗೆ ಸಮಾಧಾನ. ಆಕೆಯ ತಾಯಿ ನನ್ನನ್ನು ಕರೆದೊಯ್ದು, "ಕೂಸಿಗೆ ಊದರಿ, ಆದ್ರ ಇಕಿಗೂ ಒಂದಿಷ್ಟು ಊದರಿ," ಎಂದಳು.

ವಾರಕ್ಕೆ ಎರಡು ಸಲ ಹೋದೆ. ಅನೀಸ ಒಂದು ದಿನ ಕೇಳಿದಳು.

"ದಾದಾ, ಬಾಯಾಗ ಓದಬ್ಯಾಡ್ರಿ, ಜೋರ ಓದ್ರಿ. ಕೇಳಿದ್ರ ನನ್ನ ಎದ್ಯಾಗಿನ ಡವಡವ ಕಮ್ಮಿ ಆಕ್ಕೇತಿ."

ಜೋರಾಗಿ ಓದಿದೆ. ಆಕೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತಾಯಿಯ ಬೆರಳು ಮಗುವಿನ ಮೂಗಿನಿಂದ ದೂರ ಸರಿದಾಗ ಮಗು ತಾನಾಗಿ ಮಲಗಿತು. ಮೂರು ತಿಂಗಳಲ್ಲಿ ಮೈ ಕೈ ತುಂಬಿಕೊಂಡಿತು. ಹಾವೇರಿಗೆ ಹೊರಡುವ ದಿನ ಆಕೆ ನನ್ನ ಕಾಲಿಗೆ ಬಗ್ಗಿದಳು. ನಮ್ಮಲ್ಲಿ ಹಾಗೆ ಬಗ್ಗಬಾರದು ಎಂದು ಎಬ್ಬಿಸಿದೆ. ಆದರೂ ಒಳಗೆ ಉಬ್ಬಿದೆ. ಆ ಉಬ್ಬಿದ್ದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಆಕೆ ಹೋಗಿ ಹದಿನೈದು ದಿನಕ್ಕೆ ಮುಸ್ಕಾನ್ ನಮ್ಮ ಮನೆಗೆ ಬಂದಳು. ಮುಸ್ಕಾನ್ ಮುಸ್ತಾಕನ ಸೊಸೆ, ರಾಣೆಬೆನ್ನೂರಿನ ಹುಡುಗಿ. ಹತ್ತನೆಯವರೆಗೆ ಕನ್ನಡ ಶಾಲೆ ಕಲಿತು, ಆಮೇಲೆ ಹೆಣ್ಣುಮಕ್ಕಳ ಮದರಸಾದಲ್ಲಿ ಐದು ವರ್ಷ ಅರಬ್ಬಿ ಓದಿದವಳು. ಮದುವೆಯಾಗಿ ಬಂದು ಒಂದು ವರ್ಷ ಮೇಲಾಗಿತ್ತು. ನನ್ನನ್ನು ಕಂಡರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸಲಾಂ ಹೇಳಿ ಒಳಗೆ ಹೋಗುವವಳು. ಅವತ್ತು ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ನೋಟುಪುಸ್ತಕ, ಪೆನ್ನು.

"ಬಾರವಾ, ಒಳಗ ಬಾ," ಎಂದಳು ಮೈಮುನಾಬಿ.

"ದಾದಾ, ಅನೀಸಾ ಆಪಾ ಫೋನ್ ಮಾಡಿದ್ರು. ನಿಮ್ಮ ನಿದ್ದಿ ದುವಾ ಕನ್ನಡ ಅಕ್ಷರದಾಗ ಬರದು ಕಳಿಸು ಅಂದ್ರು. ಅವರಿಗೆ ಅರಬ್ಬಿ ಓದಾಕ ಬರೂದಿಲ್ಲ. ಮಗನ್ನ ಮಲಗಸೂಮುಂದ ತಾವ ಓದಬೇಕಂತ."

"ಬರಕೊಡು. ಅದಕ್ಯಾಕ ಕೇಳತೀ? ಗೂಡಿನ್ಯಾಗ ಕಿತಾಬ ಐತಿ."

ಮುಸ್ಕಾನ್ ಗೂಡಿನ ಕಡೆ ಹೋಗಲಿಲ್ಲ. ಮೈಮುನಾಬಿಯ ಮುಖ ನೋಡಿದಳು. ನನ್ನ ಹೆಂಡತಿ ಚಾ ಇಡುತ್ತೇನೆಂದು ಎದ್ದು ಒಳಗೆ ಹೋದಳು. ಆಕೆಗೆ ಇಂಥದ್ದು ಬೇಗ ತಿಳಿಯುತ್ತದೆ.

"ಅದು ದುವಾ ಅಲ್ಲರಿ, ದಾದಾ," ಎಂದಳು ಹುಡುಗಿ, ನೆಲ ನೋಡುತ್ತ.

ನಾನು ಗೂಡಿನ ಕಡೆ ತಿರುಗಿ ನೋಡಿದೆ.

"ಶಾಯರಿ ಐತಿ. ಫಲಸ್ತೀನಿನ ಶಾಯರಿ. ಮೊದಲಿಗೆ ನೀವು ಗಜ್ಜಾ ಅಂತ ಓದತೀರಲ್ಲ, ಅದು ಗಾಜಾ, ಊರಿನ ಹೆಸರು. ಬಾಂಬ್ ಬಿದ್ದು ಮನಿ ಕುಸದೈತಿ. ಮಗಾ ತೀರಿಕೊಂಡಾನ. ತಾಯಿ ಅವನ್ನ ಎಬ್ಬಸಾಕತ್ತಾಳ."

ಒಳಗೆ ಚಾದ ಪಾತ್ರೆ ಇಟ್ಟ ಸಪ್ಪಳವಾಯಿತು. ಮುಸ್ಕಾನ್ ಪುಸ್ತಕ ನೋಡದೆ ಹೇಳಿದಳಲ್ಲ ಎಂದು ನನಗೆ ಆಗ ತಿಳಿಯಿತು.

"ನಿನಗ ಯಾವಾಗಿಂದ ಗೊತ್ತು?"

"ಮದುವಿಯಾಗಿ ಬಂದ ಮೂರನೇ ದಿನದಿಂದ. ನೀವು ಮುಂಜಾನೆ ಓದಿದ್ದು ಗ್ವಾಡಿ ಆಚೆ ಕೇಳತೈತಿ."

"ಹೇಳಲಿಲ್ಲ ಯಾಕ?"

"ನೀವು ದೊಡ್ಡಾವ್ರು. ನಾ ಹೊಸಾ ಸೊಸಿ." ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. "ಮತ್ತ, ನೀವು ಅದನ್ನ ಭಾಳ ಚಲೋ ಓದತೀರಿ ದಾದಾ. ನಮ್ಮ ಮದರಸಾದಾಗ ಕಲಿಸಾವ್ರೂ ಹಂಗ ಓದತಿದ್ದಿಲ್ಲ. ನಾ ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳತಿದ್ದೆ. ಹೇಳಿದ್ರ ನೀವು ಓದೂದು ಬಿಡತೀರಿ ಅಂತ… ನಂದೂ ತಪ್ಪೈತಿ."

ಒಂದು ವರ್ಷ ನಾಲ್ಕು ತಿಂಗಳು. ಅಷ್ಟೂ ದಿನ ಈ ಹುಡುಗಿ ನನಗೆ ಸಲಾಂ ಹೇಳಿ ತಲೆ ತಗ್ಗಿಸುತ್ತಿದ್ದಳು, ಒಳಗೆ ಎಲ್ಲ ತಿಳಿದಿದ್ದಳು. ಮಸೀದಿಯ ಮುಂದೆ ತಾಯಂದಿರು ನನಗೆ ದಾರಿ ಬಿಡುವುದನ್ನು ಮಾಳಿಗೆಯ ಮೇಲಿಂದ ಅವಳು ನೋಡುತ್ತಿದ್ದದ್ದೂ ನನಗೆ ನೆನಪಾಯಿತು. ಬಟ್ಟೆ ಒಣಹಾಕುತ್ತಿದ್ದಾಳೆ ಎಂದುಕೊಂಡಿದ್ದೆ.

"ಓದಿ ಹೇಳು," ಎಂದೆ.

ಗಿಲಾಫು ಬಿಚ್ಚಿ, ಪುಟ ತೆಗೆದು, ಒಂದೊಂದೇ ಸಾಲು ನೋಡಿ ಕನ್ನಡದಲ್ಲಿ ಬರೆದಳು. ಬರೆದದ್ದನ್ನು ಮೆಲ್ಲಗೆ ಓದಿದಳು.

*ಏಳಪ್ಪಾ, ರೊಟ್ಟಿ ಆರಾಕತ್ತೈತಿ.*
*ಏಳಪ್ಪಾ, ನಿನ್ನ ಬೂಟಿನ್ಯಾಗಿನ ಮಣ್ಣು ಝಾಡಿಸಿ ಇಟ್ಟೇನಿ.*
*ಏಳಪ್ಪಾ, ಬಾಗಲಾ ಇಲ್ಲ, ಗ್ವಾಡಿ ಇಲ್ಲ,*
*ನಿನ್ನ ದೋಸ್ತರು ಎಲ್ಲಿ ಬಡದು ಕರೀಬೇಕು? ನಾನ ಕರಿಯಾಕತ್ತೇನಿ.*
*ಏಳಪ್ಪಾ, ತಡಾ ಆತು ಅಂತ ಬಯ್ಯೂದಿಲ್ಲ.*
*ಮಲಗ್ಲಿ ಬಿಡು ಅಂತಾರ ಮಂದಿ.*
*ಏಳೂದು, ಕುಂದ್ರೂದು, ನಡಿಯೂದು ನಾ ಕಲಿಸಿದೆ.*
*ಇಷ್ಟೊತ್ತು ಮಲಗೂದನ್ನ ಇವಂಗ ಯಾರು ಕಲಿಸಿದ್ರು?*

ಸುಶ್ರುತನ ಮುಖ ಬಂತು. ಕರ್ಜಗಿಯಿಂದ ಬಸ್ಸು ಹತ್ತಿ ಬಂದಿದ್ದ ಅವಳಿ ಹುಡುಗಿಯರ ಮುಖ ಬಂತು. ಎಲ್ಲರಿಗಿಂತ ಹಿಂದೆ ಖಲಂದರ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ತಿಳಿಯದೆ ಓದಿದ್ದಕ್ಕಾದರೆ ಅಲ್ಲಾನ ಹತ್ತಿರ ಹೇಳಲು ಏನಾದರೂ ಇದೆ. ತಿಳಿದ ಮೇಲೆ ಮಾಡಿದ್ದಕ್ಕೆ ಇಲ್ಲ.

"ಅನೀಸಾಗ ಖರೇ ದುವಾ ಒಂದು ಬರದು ಕಳಿಸು," ಎಂದೆ. "ನಿನಗ ಗೊತ್ತಿರತಾವಲ್ಲ, ಮಕ್ಕಳು ಬೆಚ್ಚಿದ್ರ ಓದೂದು. ದಾದಾ ಓದತಿದ್ದದ್ದು ಇದ ಅಂತ ಹೇಳು."

ಮುಸ್ಕಾನ್ ತಲೆ ಎತ್ತಿದಳು. "ಸುಳ್ಳು ಹೇಳಲ್ಯಾ?"

"ಆಕಿ ಮೊದಲ ಹೆದರಿದಾಕಿ. ತಿಳಿದ್ರ ಮತ್ತ ಹುಡುಗನ ಕಾಲ ಚಿವುಟ್ಯಾಳು. ಆಕಿ ಸಲುವಾಗಿ ಹೇಳಾಕತ್ತೇನಿ."

ಆಕೆಯ ಸಲುವಾಗಿ ಎಂದೆ. ಅದರಲ್ಲಿ ಅರ್ಧ ಸತ್ಯ ಇತ್ತು. ಉಳಿದರ್ಧ ಆ ಕುರ್ಚಿ. ಹುಡುಗಿ ಬರೆದುಕೊಂಡು ಹೋದಳು. ಚಾ ಹಾಗೆಯೇ ಉಳಿಯಿತು. ಮೈಮುನಾಬಿ ಲೋಟ ಒಯ್ಯುತ್ತ, "ಆ ಹುಡುಗಿ ಅಳಕೋಂತ ಹೋತು. ಏನಂದ್ರಿ?" ಎಂದು ಕೇಳಿದಳು. ಏನಿಲ್ಲ ಎಂದೆ.

ನಾಲ್ಕನೆಯ ದಿನ ಮುಸ್ಕಾನ್ ಫೋನು ಹಿಡಿದುಕೊಂಡೇ ಬಂದಳು. ಆಚೆ ಕಡೆ ಅನೀಸ.

"ದಾದಾ, ಸಲಾಂ. ಮುಸ್ಕಾನ್ ಬ್ಯಾರೇನ ಬರದಾಳ್ರಿ. ಇದು ಅದಲ್ಲ."

"ಅದ ಐತವಾ…"

"ಅಲ್ಲರಿ. ಅದು ಹೊಳ್ಳಿ ಹೊಳ್ಳಿ ಬರತೈತಿ. ನನಗ ಅರ್ಧಾ ಬಾಯಾಗ ಕುಂತೈತಿ, ಮೂರ ತಿಂಗಳು ಕೇಳೇನಿ. ತಡೀರಿ, ಅಂತೇನಿ. ತಪ್ಪಿದ್ರ ಹೇಳ್ರಿ. ದಿನಾ ಇಷ್ಟ ಓದಾಕತ್ತೇನಿ ನಾ, ಇವನ ತಲಿಮ್ಯಾಲೆ ಕೈ ಇಟ್ಟು."

ಫೋನಿನಲ್ಲಿ ಅನೀಸ ಓದಿದಳು. ಕುಮ್ ಯಾ ಬುನಯ್ಯ. ನಾನು ಉಸಿರು ತೆಗೆದುಕೊಳ್ಳುವ ಕಡೆಯೇ ಆಕೆಯೂ ಉಸಿರು ತೆಗೆದುಕೊಂಡಳು. ನಾನು ಎಳೆಯುವ ಕಡೆಯೇ ಎಳೆದಳು. ಗುತ್ತಲದ ಹಜರತ್ತರು ಇದ್ದಿದ್ದರೆ ಒಂದು ಏಟೂ ಹಾಕುತ್ತಿರಲಿಲ್ಲ. ರೊಟ್ಟಿ ಆರುವುದು, ಬೂಟಿನ ಮಣ್ಣು, ಬಾಗಿಲಿಲ್ಲದ ಮನೆ, ಎಲ್ಲ ನನಗೆ ಕಂಡವು. ಅವಳ ಪಕ್ಕದಲ್ಲಿ ಮಗುವಿನ ಗುರ್ ಗುರ್ ಎಂಬ ಸಣ್ಣ ಸಪ್ಪಳ ಕೇಳುತ್ತಿತ್ತು. ಮುಸ್ಕಾನ್ ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಬರೋಬರಿ ಐತೇನ್ರಿ ದಾದಾ?"

"ಓದಬ್ಯಾಡ," ಎಂದೆ. "ನಾ ಬರತೇನಿ. ಬರೂತನಕಾ ಓದಬ್ಯಾಡ."

ಮರುದಿನ ಬೆಳಿಗ್ಗೆ ಮುಸ್ಕಾನಳನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿದ ಮೇಲೆ ಆಕೆ, "ಬೇಕಾದ್ರ ನಾನ ಹೇಳತೇನಿ. ನೀವು ಹೊರಗ ಕುಂದ್ರಿ," ಎಂದಳು. ಆ ಮಾತಿಗೆ ಒಂದು ಗಳಿಗೆ ನನ್ನ ಜೀವ ಹಗುರಾಯಿತು. ಒಲ್ಲೆ ಎನ್ನಲು ನಾನು ತಡ ಮಾಡಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಅನೀಸಳ ಗಂಡ ಬೈಕು ರಿಪೇರಿಯ ಅಂಗಡಿಗೆ ಹೋಗಿದ್ದ. ಮನೆಯಲ್ಲಿ ಆಕೆ, ಮಗು ಇಬ್ಬರೇ. ನನ್ನನ್ನು ಕಂಡದ್ದೇ ಆಕೆಗೆ ಹಿಗ್ಗು. ಕುರ್ಚಿಯ ಮೇಲಿನ ಬಟ್ಟೆ ಸರಿಸಿದಳು, ತಟ್ಟೆಯಲ್ಲಿ ಚುರುಮುರಿ ತಂದಿಟ್ಟಳು. ನಾನು ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ, ಚಾಪೆಯ ಮೇಲೆ ಕುಳಿತೆ. ಮಗು ಸೀರೆಯ ಜೋಳಿಗೆಯಲ್ಲಿ ಮಲಗಿತ್ತು.

"ನೋಡ್ರಿ ದಾದಾ, ಹೆಂಗ ಮಲಗ್ಯಾನ. ನಿಮ್ಮ ದುವಾ."

"ಅನೀಸಾ, ನನಗ ಅರಬ್ಬಿ ತಿಳಿಯೂದಿಲ್ಲ."

ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಈ ಮಾತು ನನ್ನ ಬಾಯಿಂದ ಹೊರಗೆ ಬಂತು. ಆಕೆ ನಕ್ಕಳು.

"ಏನ್ ಚಾಷ್ಟಿ ಮಾಡ್ತೀರಿ ದಾದಾ. ನಿಮಗ ತಿಳಿಯೂದಿಲ್ಲಂದ್ರ ಮತ್ತ ಯಾರಿಗೆ?"

"ಖರೇನ. ಅಕ್ಷರ ಕೂಡಿಸಿ ಓದತೇನಿ, ಅಷ್ಟ. ಏನ್ ಓದಿದೆ ಅಂತ ನನಗ ಗೊತ್ತಿಲ್ಲ. ಯಾವತ್ತೂ ಗೊತ್ತಿದ್ದಿಲ್ಲ. ನಿನ್ನ ಮಗನ ಮ್ಯಾಲೆ ಊದಿದ್ದು ದುವಾ ಅಲ್ಲವಾ. ಒಬ್ಬಾಕಿ ತಾಯಿ ಸತ್ತ ಮಗನ್ನ ಎಬ್ಬಸೂ ಪದ್ಯ. ಮುಸ್ತಾಕ್ ಕೊಟ್ಟಾಗ್ಲೇ ಶಾಯರಿ ಇದ್ದೀತು ಅಂದಿದ್ದ. ನಾ ಕೇಳಿಸಿಕೊಂಡೂ ಸುಮ್ಮನಾದೆ. ಐದ ದಿನದ ಹಿಂದ ಮುಸ್ಕಾನ್ ಬಂದು ಪೂರಾ ಹೇಳಿದ್ಲು. ಆಗೂ ನಿನಗ ಹೇಳಲಿಲ್ಲ. ಬ್ಯಾರೇದ್ದು ಬರಸಿ ಅದ ಇದು ಅಂತ ಕಳಿಸಿದ್ದು ನಾನ. ಆಕಿ ಒಲ್ಲೆ ಅಂದಿದ್ಲು."

ಅನೀಸಳ ನಗೆ ಮುಖದ ಮೇಲೆ ಹಾಗೆಯೇ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆದಿಡಲು ಮರೆತ ಸಾಮಾನಿನ ಹಾಗೆ. ಆಮೇಲೆ ಮುಸ್ಕಾನಳ ಕಡೆ ಕೈ ಚಾಚಿದಳು.

"ಏನ್ ಬರದೈತಿ ಓದು."

ಮುಸ್ಕಾನ್ ಹಾಳೆ ತೆಗೆದು ಓದಿದಳು. ಅನೀಸ ಜೋಳಿಗೆಯ ಹಗ್ಗ ಹಿಡಿದು ನಿಂತೇ ಕೇಳಿದಳು. ಬಯ್ಯೂದಿಲ್ಲ ಎಂಬ ಸಾಲು ಬಂದಾಗ ಹಗ್ಗ ಹಿಡಿದ ಕೈ ಬಿಗಿಯಾಯಿತು. ಓದಿ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಇದನ್ನ ನನ್ನ ಮಗನ ಮ್ಯಾಲೆ ಊದೀರಿ?"

"ಹೂಂ."

"ಮೂರ ತಿಂಗಳು."

"ಹೂಂ."

"ನಾನೂ ಹದಿನೈದು ಇಪ್ಪತ್ತು ದಿನಾ ಊದೇನಿ. ನನ್ನ ಬಾಯಿಲೇನ ಊದಿಸೀರಿ." ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನನಗ ಹಿಂದ ಏನಾಗೇತಿ ಅಂತ ಗೊತ್ತಿದ್ದೂ ನಾಲ್ಕ ದಿನಾ ಸುಮ್ಮ ಕುಂತ್ರಿ."



ಆಕೆ ಬಗ್ಗಿ ಜೋಳಿಗೆಯೊಳಗೆ ಬೆರಳಿಟ್ಟಳು. ಮೂಗಿನ ಹತ್ತಿರ. ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಬಿಡಿಸಿದ್ದೇನೆಂದು ಬೀಗಿದ ಚಾಳಿ ನನ್ನ ಕಣ್ಣ ಮುಂದೆಯೇ ಮರಳಿ ಬಂತು. ಅಂಗಾಲು ಮಾತ್ರ ಚಿವುಟಲಿಲ್ಲ. ಕೈ ತೆಗೆದು ಸೆರಗಿಗೆ ಒರಸಿಕೊಂಡಳು.

"ಇನ್ನೊಮ್ಮೆ ಓದು, ಮುಸ್ಕಾನ್."

ಮುಸ್ಕಾನ್ ನನ್ನ ಮುಖ ನೋಡಿದಳು. "ಅವರನ್ನೇನ್ ನೋಡತೀ? ಓದು," ಎಂದಳು ಅನೀಸ.

ಓದಿದಳು. ಎರಡನೆಯ ಸಲ ಅನೀಸ ಕುಳಿತು ಕೇಳಿದಳು. ಮೂರನೆಯ ಸಲ ಓದಿಸಿದಳು.

"ಹಾಲು ಆರಾಕತ್ತೈತಿ ಅಂದಿದ್ದೆ ನಾನು," ಎಂದಳು, ಯಾರಿಗೆ ಎಂದಿಲ್ಲದೆ. "ನನ್ನ ಮೊದಲಿನ ಕೂಸನ್ನ ತೊಡಿಮ್ಯಾಲೆ ಹಾಕ್ಕೊಂಡು ಇವ ಮಾತು ಅಂದೇನಿ. ಏಳು, ಬಯ್ಯೂದಿಲ್ಲ ಅಂದೇನಿ. ಮಂದಿ ನನ್ನ ಕೈಯಾಗಿಂದ ಕಸಗೊಂಡ್ರು. ಹುಚ್ಚಿ ಹಂಗ ಮಾಡಬ್ಯಾಡ ಅಂದ್ರು." ಮುಸ್ಕಾನಳನ್ನು ಕೇಳಿದಳು, "ಈ ಬಾಯಿ ಯಾರು?"

"ಹೆಸರು ಹರದ ಪುಟದಾಗ ಹೋಗೇತಿ, ಆಪಾ."

"ಇನ್ನ ಅದಾಳೋ ಇಲ್ಲೋ."

"ಗೊತ್ತಿಲ್ಲ."

ಅಷ್ಟರಲ್ಲಿ ಖಲಂದರ ಎದ್ದ. ಮೊದಲು ಕಾಲು ಝಾಡಿಸಿದ, ಆಮೇಲೆ ಅತ್ತ. ಐದಾರು ವರ್ಷದ ರೂಢಿ, ನನ್ನ ಬಲಗೈ ತಾನಾಗಿ ಮೇಲೆ ಹೋಯಿತು, ತುಟಿ ಅಲುಗಿದವು. ಅನೀಸ ನೋಡಿದಳು. ಕೈ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡೆ.

ಆಕೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ದಾದಾ, ಸಿಟ್ಟಿಗೆ ಅನ್ನಾಕತ್ತಿಲ್ಲ. ಇನ್ನ ಇವನ ತಲಿಮ್ಯಾಲೆ ಕೈ ಇಡಬ್ಯಾಡ್ರಿ."

"ಇಡೂದಿಲ್ಲವಾ."

"ಉಳಿದ ತಾಯಂದ್ರಿಗೂ ಹೇಳ್ರಿ. ನೀವ ಹೇಳ್ರಿ. ಈ ಹುಡುಗಿ ಕಡಿಂದ ಹೇಳಸಬ್ಯಾಡ್ರಿ."

"ಹೇಳತೇನಿ."

ಹಾಳೆ ಮಡಿಚುತ್ತಿದ್ದ ಮುಸ್ಕಾನಳ ಕೈಯನ್ನು ಆಕೆ ಹಿಡಿದಳು. "ಅದು ಇಲ್ಲೆ ಇರ್ಲಿ."

ಚುರುಮುರಿಯನ್ನು ಯಾರೂ ಮುಟ್ಟಲಿಲ್ಲ. ಹೊರಗೆ ಬಂದೆವು, ಹಿಂದೆ ಬಾಗಿಲು ಹಾಕಿಕೊಂಡಿತು. ಮುಸ್ಕಾನ್ ಮೆಟ್ಟಿಲಿಳಿದು ಮುಂದೆ ಹೋಗಿ ಓಣಿಯ ತಿರುವಿನಲ್ಲಿ ನಿಂತಳು. ನಾನು ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದೆ. ಒಳಗೆ ಮಗುವಿನ ಅಳು ಸಣ್ಣದಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಅನೀಸ ಓದುವುದು ಕೇಳಿಸಿತು. ಕನ್ನಡದ್ದನ್ನು, ಅಕ್ಷರ ಅಕ್ಷರ ಕೂಡಿಸಿ. ಏಳಪ್ಪಾ ಎಂದು ಇದ್ದ ಕಡೆಯೆಲ್ಲ ಆಕೆ ಏಳವ್ವಾ ಎನ್ನುತ್ತಿದ್ದಳು. ರೊಟ್ಟಿಯ ಕಡೆ ಹಾಲು ಎಂದಳು. ಹೆಗಲ ಮೇಲಿನ ಮಗುವಿಗೆ ಓದುತ್ತಿರಲಿಲ್ಲ.

ಅದು ನಾನು ಕೇಳಬೇಕಾದದ್ದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಸ್ಕಾನ್ ತಿರುವಿನಿಂದ, "ದಾದಾ, ಬಸ್ಸಿಗೆ ಹೊತ್ತಾತು," ಎಂದು ಕೂಗಿದಳು. ಚಪ್ಪಲಿ ಕಾಲಿಗೆ ಸರಿಯಾಗಿ ಕೂರುತ್ತಿಲ್ಲ ಎಂಬಂತೆ ಬಗ್ಗಿ ನಿಂತು, ಅದನ್ನೂ ಕೊನೆಯ ಸಾಲಿನವರೆಗೆ ಕೇಳಿಸಿಕೊಂಡೆ.